ಕಾಗದದ ಅಳತೆ ತಪ್ಪಿದರೆ ದಾಖಲೆಯ ಸಾಲೂ ತಪ್ಪುತ್ತದೆ

ಪ್ರಮಾಣಪತ್ರ, ಅಂಕಪಟ್ಟಿ, ರಶೀದಿಗಳ ಮುದ್ರಣಕ್ಕೆ ಶಾಲೆಯ ಪ್ರಿಂಟರನ್ನು ಹೊಂದಿಸುವ ಕ್ರಮ

ವ್ಯಾಸಂಗ ಪ್ರಮಾಣಪತ್ರವೊಂದರ ಕೊನೆಯ ಎರಡು ಸಾಲುಗಳು ಅಚ್ಚಾಗದೆ ಉಳಿದರೆ, ಬಲ ಅಂಚಿನ ಪದವೊಂದು ಅರ್ಧಕ್ಕೆ ತುಂಡಾದರೆ, ಅದನ್ನು ಯಂತ್ರದ ಸಣ್ಣ ಲೋಪವೆಂದು ತಳ್ಳಿಹಾಕುವವರುಂಟು. ಗಡಿನಾಡಿನ ಕನ್ನಡ ಶಾಲೆಯಲ್ಲಿ ಓದಿದ ಮಗುವಿನ ಪಾಲಿಗೆ ಅದು ಸಣ್ಣದಲ್ಲ. ಮಾತೃಭಾಷೆ ಕನ್ನಡ, ಬೋಧನ ಮಾಧ್ಯಮ ಕನ್ನಡ, ಇಂತಿಷ್ಟು ವರ್ಷ ಇದೇ ಪ್ರದೇಶದಲ್ಲಿ ವ್ಯಾಸಂಗ: ಈ ಮೂರು ಮಾತುಗಳಿಗೆ ನಮ್ಮ ಮಕ್ಕಳ ಮುಂದಿನ ಓದಿನ ಹಾದಿಯಲ್ಲಿ ಮತ್ತೆ ಮತ್ತೆ ಆಧಾರ ಕೇಳುತ್ತಾರೆ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಹೊರನಾಡು ಹಾಗೂ ಗಡಿನಾಡ ಕನ್ನಡಿಗರಿಗೆಂದು ಪ್ರತ್ಯೇಕ ಅರ್ಹತಾ ಕಲಮುಗಳಿವೆ. ಅಲ್ಲಿಯೂ ಭಾಷೆ, ವಾಸಸ್ಥಳ, ವ್ಯಾಸಂಗದ ವರ್ಷಗಳಿಗೆ ದಾಖಲೆ ಬೇಕು. ಪರಿಶೀಲನೆಯ ಮೇಜಿನ ಆಚೆ ಕುಳಿತವರಿಗೆ ಕಾಣುವುದು ಕಾಗದ ಮಾತ್ರ. ಕಾಗದದಲ್ಲಿ ಇಲ್ಲದ ಸಾಲು ಅವರ ಮಟ್ಟಿಗೆ ಇಲ್ಲದ ಸಂಗತಿ.

ಇಂತಹ ಲೋಪಗಳಿಗೆ ಬಹುಪಾಲು ಕಾರಣ ಒಂದೇ. ತಂತ್ರಾಂಶವು ಒಂದು ಅಳತೆಯ ಕಾಗದವನ್ನು ಮನಸ್ಸಿನಲ್ಲಿಟ್ಟುಕೊಂಡು ಪುಟವನ್ನು ಸಿದ್ಧಪಡಿಸುತ್ತದೆ; ಪ್ರಿಂಟರಿನ ತಟ್ಟೆಯಲ್ಲಿ ಬೇರೊಂದು ಅಳತೆಯ ಕಾಗದ ಇರುತ್ತದೆ. ಇದನ್ನು ಸರಿಪಡಿಸಲು ಹೊಸ ಯಂತ್ರ ಬೇಡ, ಹಣ ಬೇಡ. ಒಂದು ಅಳತೆಪಟ್ಟಿ ಮತ್ತು ಅರ್ಧ ಗಂಟೆಯ ತಾಳ್ಮೆ ಸಾಕು. ಶಾಲಾ ಕಚೇರಿಯ ಕಂಪ್ಯೂಟರಿನ ಮುಂದೆ ಕೂರುವ ಶಿಕ್ಷಕರಿಗೂ, ರಕ್ಷಕ-ಶಿಕ್ಷಕ ಸಂಘದ ಪರವಾಗಿ ನೆರವಾಗುವ ಹೆತ್ತವರಿಗೂ, ಮನೆಯಲ್ಲಿಯೇ ಅರ್ಜಿಗಳನ್ನು ಮುದ್ರಿಸಿಕೊಳ್ಳುವವರಿಗೂ ಉಪಯುಕ್ತವಾಗಲೆಂದು ಆ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಮೂರು ಕಡೆ ಒಂದೇ ಮಾತು

ಮುದ್ರಣದ ಹಿಂದೆ ಮೂರು ಪಾತ್ರಧಾರಿಗಳಿದ್ದಾರೆ. ಮೊದಲನೆಯದು ವರದಿಯನ್ನು ಸಿದ್ಧಪಡಿಸುವ ತಂತ್ರಾಂಶ: ವರ್ಡ್, ಎಕ್ಸೆಲ್, ಲಿಬ್ರೆ ಆಫೀಸ್ ಅಥವಾ ಶುಲ್ಕ ಹಾಗೂ ಅಂಕಗಳ ಲೆಕ್ಕಕ್ಕೆಂದು ಶಾಲೆ ತರಿಸಿಕೊಂಡ ಪ್ರತ್ಯೇಕ ತಂತ್ರಾಂಶ. ಎರಡನೆಯದು ಪ್ರಿಂಟರ್ ಡ್ರೈವರ್. ಇದು ಕಂಪ್ಯೂಟರಿಗೂ ಯಂತ್ರಕ್ಕೂ ನಡುವಿನ ದುಭಾಷಿ. ಮೂರನೆಯದು ಪ್ರಿಂಟರಿನಲ್ಲಿ ನಿಜವಾಗಿ ಇಟ್ಟಿರುವ ಕಾಗದ ಮತ್ತು ಅದನ್ನು ಹಿಡಿದಿಡುವ ಅಂಚುಪಟ್ಟಿಗಳು.

ಈ ಮೂವರೂ ಕಾಗದದ ಅಗಲ ಮತ್ತು ಎತ್ತರದ ಬಗ್ಗೆ ಒಂದೇ ಮಾತನ್ನು ಹೇಳಬೇಕು. ತಂತ್ರಾಂಶವು ಲೀಗಲ್ ಎಂದು ನಂಬಿ, ಡ್ರೈವರ್ ಎ4 ಎಂದು ತಿಳಿದು, ತಟ್ಟೆಯಲ್ಲಿ ಫುಲ್‌ಸ್ಕೇಪ್ ಹಾಳೆ ಇದ್ದರೆ ಮುದ್ರಣ ಹೇಗೆ ಬಂದೀತೆಂದು ಯಾರೂ ಹೇಳಲಾರರು. ಮುಂದಿನ ಎಲ್ಲ ಹಂತಗಳ ಉದ್ದೇಶ ಈ ಮೂವರನ್ನು ಒಂದು ಮಾತಿಗೆ ತರುವುದೇ ಆಗಿದೆ.

ಮೊದಲು ಅಳತೆಪಟ್ಟಿ, ಆಮೇಲೆ ಕಂಪ್ಯೂಟರು

ಕಾಗದದ ಹೆಸರನ್ನು ನಂಬಬಾರದು, ಅಳೆದು ನೋಡಬೇಕು. ಎ4 ಎಂದರೆ 210 × 297 ಮಿಲಿಮೀಟರ್, ಎ5 ಎಂದರೆ 148 × 210 ಮಿಲಿಮೀಟರ್. ಇವು ಅಂತಾರಾಷ್ಟ್ರೀಯ ಮಾನಕ ಅಳತೆಗಳಾದುದರಿಂದ ಎಲ್ಲ ಕಡೆಯೂ ಒಂದೇ. ಆದರೆ ‘ಲೀಗಲ್’ ಮತ್ತು ‘ಫುಲ್‌ಸ್ಕೇಪ್’ ಎಂಬ ಹೆಸರುಗಳ ವಿಷಯದಲ್ಲಿ ಗೊಂದಲವಿದೆ. ಕಂಪ್ಯೂಟರಿನ ಪಟ್ಟಿಯಲ್ಲಿರುವ ಲೀಗಲ್ 8.5 × 14 ಇಂಚು, ಅಂದರೆ ಸುಮಾರು 216 × 356 ಮಿಲಿಮೀಟರ್. ನಮ್ಮ ಅಂಗಡಿಗಳಲ್ಲಿ ಎಫ್‌ಎಸ್ ಎಂಬ ಹೆಸರಿನಲ್ಲಿ ಸಿಗುವ ಕಟ್ಟುಗಳಲ್ಲಿ ಸಾಮಾನ್ಯವಾಗಿರುವುದು 215 × 345 ಮಿಲಿಮೀಟರ್. ಎರಡಕ್ಕೂ ಎತ್ತರದಲ್ಲಿ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ವ್ಯತ್ಯಾಸ. ಆ ಒಂದು ಸೆಂಟಿಮೀಟರಿನಲ್ಲಿ ಎರಡು ಸಾಲು ಬರಹ ಹಿಡಿಯುತ್ತದೆ. ಮುಖ್ಯೋಪಾಧ್ಯಾಯರ ಸಹಿಯ ಕೆಳಗಿನ ಪದನಾಮವೋ ಶಾಲೆಯ ವಿಳಾಸವೋ ಮಾಯವಾಗುವುದು ಅಲ್ಲಿಯೇ.

ಮುದ್ರಣಾಲಯದಿಂದ ಅಚ್ಚು ಹಾಕಿಸಿ ತಂದ ನಮೂನೆಗಳ ಕಥೆ ಇನ್ನೊಂದು. ನಮ್ಮ ಊರುಗಳ ಮುದ್ರಣಾಲಯಗಳು ದೊಡ್ಡ ಡೆಮಿ ಹಾಳೆಯನ್ನು ಕತ್ತರಿಸಿ ರಶೀದಿ ಪುಸ್ತಕ, ಪ್ರಗತಿಪತ್ರಗಳನ್ನು ತಯಾರಿಸುವುದು ವಾಡಿಕೆ. ಡೆಮಿ ಎಂಟನೆಯ ಒಂದು ಭಾಗವೆಂದರೆ ಸುಮಾರು 5.5 × 8.5 ಇಂಚು, ಅಂದರೆ 140 × 216 ಮಿಲಿಮೀಟರ್. ಕಣ್ಣಿಗೆ ಇದು ಎ5 ಹಾಳೆಯಂತೆಯೇ ಕಾಣುತ್ತದೆ. ಆದರೆ ಎ5ಗಿಂತ 8 ಮಿಲಿಮೀಟರ್ ಕಿರಿದು, 6 ಮಿಲಿಮೀಟರ್ ಉದ್ದ. ಕಂಪ್ಯೂಟರಿನಲ್ಲಿ ಎ5 ಎಂದು ಆರಿಸಿ ಇದರ ಮೇಲೆ ಮುದ್ರಿಸಿದರೆ ಬಲ ಅಂಚಿನ ಅಂಕೆಗಳು ಕಾಗದದ ಹೊರಗೆ ಹೋಗುವುದು ಸಹಜ.

ಆದುದರಿಂದ ಮೊದಲ ಕೆಲಸ ಇದು: ಬಳಸಬೇಕಾದ ಹಾಳೆಯನ್ನು ಮೇಜಿನ ಮೇಲೆ ಹರಡಿ, ಅಗಲವನ್ನೂ ಎತ್ತರವನ್ನೂ ಮಿಲಿಮೀಟರಿನಲ್ಲಿ ಅಳೆದು ಬರೆದಿಡಬೇಕು. ಒಂದೇ ಕಟ್ಟಿನ ಮೇಲಿನ, ನಡುವಿನ, ಕೆಳಗಿನ ಮೂರು ಹಾಳೆಗಳನ್ನು ಅಳೆಯುವುದು ಒಳ್ಳೆಯದು. ಕತ್ತರಿಸುವ ಯಂತ್ರದಲ್ಲಿ ಕಟ್ಟು ಸ್ವಲ್ಪ ಜರುಗಿದ್ದರೂ ಹಾಳೆಗಳಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ.

ವಿಂಡೋಸ್‌ಗೆ ಹೊಸ ಅಳತೆಯನ್ನು ಕಲಿಸುವುದು

ವಿಂಡೋಸ್ ವ್ಯವಸ್ಥೆಯಲ್ಲಿ ಕಾಗದದ ಪ್ರತಿಯೊಂದು ಅಳತೆಯನ್ನೂ ‘ಫಾರ್ಮ್’ ಎಂದು ಕರೆಯುತ್ತಾರೆ. ಪಟ್ಟಿಯಲ್ಲಿ ಇಲ್ಲದ ಅಳತೆಯನ್ನು ನಾವೇ ಸೇರಿಸಬಹುದು.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಡಿವೈಸಸ್ ಆ್ಯಂಡ್ ಪ್ರಿಂಟರ್ಸ್’ ತೆರೆದು, ಯಾವುದಾದರೂ ಒಂದು ಪ್ರಿಂಟರಿನ ಚಿತ್ರದ ಮೇಲೆ ಒಮ್ಮೆ ಒತ್ತಿದರೆ ಮೇಲಿನ ಸಾಲಿನಲ್ಲಿ ‘ಪ್ರಿಂಟ್ ಸರ್ವರ್ ಪ್ರಾಪರ್ಟೀಸ್’ ಎಂಬುದು ಕಾಣಿಸುತ್ತದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ನ ‘ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್’ ಪುಟದ ಕೆಳಭಾಗದಲ್ಲಿ ಇದೇ ಹೆಸರಿನ ಕೊಂಡಿ ಇದೆ. ಅದನ್ನು ತೆರೆದಾಗ ‘ಫಾರ್ಮ್ಸ್’ ಎಂಬ ಭಾಗ ಬರುತ್ತದೆ. ‘ಕ್ರಿಯೇಟ್ ಎ ನ್ಯೂ ಫಾರ್ಮ್’ ಎಂಬುದರ ಮುಂದಿನ ಚೌಕದಲ್ಲಿ ಗುರುತು ಹಾಕಿ, ಹೊಸ ಹೆಸರು ಕೊಟ್ಟು, ಅಗಲ ಮತ್ತು ಎತ್ತರಗಳನ್ನು ತುಂಬಿ, ‘ಸೇವ್ ಫಾರ್ಮ್’ ಒತ್ತಬೇಕು. ಪೆಟ್ಟಿಗೆಗಳು ಮಸುಕಾಗಿದ್ದು ಬರೆಯಲು ಬಿಡದಿದ್ದರೆ ‘ಚೇಂಜ್ ಫಾರ್ಮ್ ಸೆಟ್ಟಿಂಗ್ಸ್’ ಒತ್ತಿ, ಕಂಪ್ಯೂಟರಿನ ಆಡಳಿತಾಧಿಕಾರವುಳ್ಳ ಖಾತೆಯ ಗುಪ್ತಪದವನ್ನು ನೀಡಬೇಕಾಗುತ್ತದೆ.

ಇಲ್ಲಿ ನಾಲ್ಕು ಎಚ್ಚರಿಕೆಗಳು ಅಗತ್ಯ.

ಒಂದು, ಈ ಪೆಟ್ಟಿಗೆಯಲ್ಲಿ ಮೆಟ್ರಿಕ್ ಆರಿಸಿದಾಗ ಅಳತೆ ಸೆಂಟಿಮೀಟರಿನಲ್ಲಿರುತ್ತದೆ. 140 ಮಿಲಿಮೀಟರನ್ನು 14.00 ಎಂದು ಬರೆಯಬೇಕು.

ಎರಡು, ಹೆಸರಿನಲ್ಲಿಯೇ ಕೆಲಸವೂ ಅಳತೆಯೂ ಇರಲಿ. ‘ರಶೀದಿ 140-216’ ಎಂಬ ಬಗೆಯ ಹೆಸರು ಮುಂದೆ ಬರುವ ಸಿಬ್ಬಂದಿಗೂ ಅರ್ಥವಾಗುತ್ತದೆ. ತಂತ್ರಾಂಶ ಹಳೆಯದಾಗಿದ್ದರೆ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡುವುದು ಸುರಕ್ಷಿತ.

ಮೂರು, ಅಡ್ಡ ಹಾಳೆಯ ವಿಷಯ. ಪ್ರಮಾಣಪತ್ರವು ಅಗಲವಾಗಿ, ಎತ್ತರ ಕಡಿಮೆಯಾಗಿ ಇದ್ದರೂ ಹೆಚ್ಚಿನ ಸಣ್ಣ ಪ್ರಿಂಟರುಗಳು ಹಾಳೆಯನ್ನು ಅದರ ಕಿರಿದಾದ ಅಂಚಿನಿಂದಲೇ ಒಳಗೆ ಎಳೆದುಕೊಳ್ಳುತ್ತವೆ. ಆದುದರಿಂದ ಫಾರ್ಮ್‌ನಲ್ಲಿ ಚಿಕ್ಕ ಅಳತೆಯನ್ನು ಅಗಲವೆಂದೂ ದೊಡ್ಡದನ್ನು ಎತ್ತರವೆಂದೂ ಬರೆದು, ತಂತ್ರಾಂಶದಲ್ಲಿ ಮಾತ್ರ ಪುಟವನ್ನು ‘ಲ್ಯಾಂಡ್‌ಸ್ಕೇಪ್’ ಎಂದು ಆರಿಸಬೇಕು. ಇದನ್ನು ತಿರುವುಮುರುವು ಮಾಡಿದಾಗ ಬರಹವು ಹಾಳೆಯ ಅರ್ಧಕ್ಕೆ ನಿಂತುಬಿಡುತ್ತದೆ.

ನಾಲ್ಕು, ಯಂತ್ರದ ಶಕ್ತಿಗೆ ಮೀರಿದ ಅಳತೆಯನ್ನು ಸೇರಿಸಿದರೆ ಅದು ಫಾರ್ಮ್‌ಗಳ ಪಟ್ಟಿಯಲ್ಲಿ ಉಳಿದರೂ ಆ ಪ್ರಿಂಟರಿನ ಕಾಗದಪಟ್ಟಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ‘ಸೇರಿಸಿದೆವು, ಆದರೂ ಬರುತ್ತಿಲ್ಲ’ ಎಂಬ ದೂರಿಗೆ ಹಲವು ಬಾರಿ ಇದೇ ಉತ್ತರ. ಪ್ರಿಂಟರಿನ ಕೈಪಿಡಿಯಲ್ಲಿ ಅತಿ ಚಿಕ್ಕ ಹಾಗೂ ಅತಿ ದೊಡ್ಡ ಕಾಗದದ ಅಳತೆಗಳನ್ನು ಕೊಟ್ಟಿರುತ್ತಾರೆ, ಅದನ್ನು ನೋಡಿಕೊಳ್ಳಬೇಕು.

ಫಾರ್ಮ್ ಉಳಿಸಿದ ಮೇಲೆ ಆ ಪ್ರಿಂಟರಿನ ‘ಪ್ರಿಂಟಿಂಗ್ ಪ್ರಿಫರೆನ್ಸಸ್’ ತೆರೆದು ಕಾಗದದ ಅಳತೆಯಾಗಿ ಹೊಸ ಹೆಸರನ್ನೇ ಆರಿಸಬೇಕು. ಕೆಲವು ಇಂಕ್‌ಜೆಟ್ ಪ್ರಿಂಟರುಗಳ ಡ್ರೈವರಿನಲ್ಲಿ ‘ಯೂಸರ್ ಡಿಫೈನ್ಡ್’ ಅಥವಾ ‘ಕಸ್ಟಮ್’ ಎಂಬ ಆಯ್ಕೆಯೇ ಇರುತ್ತದೆ. ಅಲ್ಲಿ ನೇರವಾಗಿ ಅಳತೆ ಬರೆದು ಉಳಿಸಿದರೂ ಆದೀತು. ಒಂದೇ ಪ್ರಿಂಟರನ್ನು ಹಲವು ಕಂಪ್ಯೂಟರುಗಳು ಹಂಚಿಕೊಂಡಿದ್ದರೆ, ಪ್ರಿಂಟರಿನ ತಂತಿ ಯಾವ ಕಂಪ್ಯೂಟರಿಗೆ ಜೋಡಣೆಯಾಗಿದೆಯೋ ಅದರಲ್ಲಿಯೇ ಫಾರ್ಮ್ ಸೃಷ್ಟಿಸಬೇಕು.

ಲಿನಕ್ಸ್ ಬಳಸುವ ಶಾಲೆಗಳಲ್ಲಿ

ಕಾಸರಗೋಡು, ವಯನಾಡಿನ ಶಾಲೆಗಳಲ್ಲಿ ಕೇರಳದ ಕೈಟ್ ಸಂಸ್ಥೆ ಒದಗಿಸುವ ಗ್ನು/ಲಿನಕ್ಸ್ ವ್ಯವಸ್ಥೆ ಬಳಕೆಯಲ್ಲಿದೆ. ಅಲ್ಲಿ ಕಚೇರಿ ಬರಹಗಳಿಗೆ ಲಿಬ್ರೆ ಆಫೀಸ್ ಇರುತ್ತದೆ. ‘ಫಾರ್ಮ್ಯಾಟ್’ ಪಟ್ಟಿಯಲ್ಲಿನ ‘ಪೇಜ್ ಸ್ಟೈಲ್’ ತೆರೆದು, ‘ಪೇಜ್’ ಭಾಗದಲ್ಲಿ ಕಾಗದದ ಮಾದರಿಯನ್ನು ‘ಯೂಸರ್’ ಎಂದು ಆರಿಸಿ, ಅಗಲ ಮತ್ತು ಎತ್ತರ ಬರೆದರೆ ತಂತ್ರಾಂಶದ ಕೆಲಸ ಮುಗಿಯಿತು. ಆದರೆ ಪ್ರಿಂಟರಿಗೆ ಆ ಮಾತು ಇನ್ನೂ ತಲುಪಿಲ್ಲ. ಮುದ್ರಣದ ಪೆಟ್ಟಿಗೆಯಲ್ಲಿ ಪ್ರಿಂಟರಿನ ‘ಪ್ರಾಪರ್ಟೀಸ್’ ತೆರೆದು ಅಲ್ಲಿಯೂ ಕಾಗದದ ಅಳತೆಯನ್ನು ಆರಿಸಲೇಬೇಕು.

ಲಿನಕ್ಸ್‌ನ ಇತರ ಕೆಲವು ತಂತ್ರಾಂಶಗಳಲ್ಲಿ, ಉದಾಹರಣೆಗೆ ಪಿಡಿಎಫ್ ಓದುವ ತಂತ್ರಾಂಶದಲ್ಲಿ, ಮುದ್ರಣದ ಪೆಟ್ಟಿಗೆಯ ‘ಪೇಜ್ ಸೆಟಪ್’ ಭಾಗದಲ್ಲಿ ಕಾಗದದ ಪಟ್ಟಿಯ ಕೊನೆಗೆ ‘ಮ್ಯಾನೇಜ್ ಕಸ್ಟಮ್ ಸೈಜಸ್’ ಎಂಬುದಿರುತ್ತದೆ. ಅಲ್ಲಿ ಒಮ್ಮೆ ಸೇರಿಸಿದ ಅಳತೆ ಮುಂದಿನ ಮುದ್ರಣಗಳಿಗೂ ಉಳಿಯುತ್ತದೆ.

ತಂತ್ರಾಂಶಗಳ ಸ್ವಭಾವ ಬೇರೆ ಬೇರೆ

ವರ್ಡ್ ತಂತ್ರಾಂಶವು ಕಾಗದದ ಅಳತೆಯನ್ನು ತಾನೇ ಬರೆದುಕೊಳ್ಳಬಲ್ಲದು. ‘ಲೇಔಟ್’ನಲ್ಲಿ ‘ಸೈಜ್’ ತೆರೆದು, ‘ಮೋರ್ ಪೇಪರ್ ಸೈಜಸ್’ ಆರಿಸಿದರೆ ಯಾವ ಅಳತೆಯನ್ನಾದರೂ ತುಂಬಬಹುದು. ಎಕ್ಸೆಲ್ ಹಾಗಲ್ಲ. ಅದು ತೋರಿಸುವುದು ಪ್ರಿಂಟರ್ ಡ್ರೈವರ್ ಒಪ್ಪಿದ ಅಳತೆಗಳನ್ನು ಮಾತ್ರ. ಹೊಸ ಅಳತೆ ಬರೆಯಲು ಅಲ್ಲಿ ಸ್ಥಳವೇ ಇಲ್ಲ. ಅಂಕಪಟ್ಟಿಯನ್ನು ಎಕ್ಸೆಲ್‌ನಲ್ಲಿ ಸಿದ್ಧಪಡಿಸುವ ಶಾಲೆಗಳು ಮೊದಲು ವಿಂಡೋಸ್‌ನಲ್ಲಿ ಫಾರ್ಮ್ ಸೃಷ್ಟಿಸಿ, ಆಮೇಲೆ ಎಕ್ಸೆಲನ್ನು ಮುಚ್ಚಿ ಪುನಃ ತೆರೆಯಬೇಕೆಂಬುದು ಈ ಕಾರಣಕ್ಕೆ.

ಶುಲ್ಕ ರಶೀದಿ, ಪ್ರವೇಶ ದಾಖಲಾತಿ, ಪ್ರಗತಿಪತ್ರಗಳಿಗೆಂದು ಬರೆಸಿದ ತಂತ್ರಾಂಶಗಳಲ್ಲಿ ವರದಿಯ ನಮೂನೆಯನ್ನು ಕ್ರಿಸ್ಟಲ್ ರಿಪೋರ್ಟ್ಸ್‌ನಂತಹ ಸಾಧನದಿಂದ ರಚಿಸಿರುವುದುಂಟು. ಇಂತಹ ನಮೂನೆ ತನ್ನೊಳಗೆ ಎರಡು ಸಂಗತಿಗಳನ್ನು ನೆನಪಿಟ್ಟುಕೊಂಡಿರುತ್ತದೆ: ಅದನ್ನು ರಚಿಸಿದ ಕಂಪ್ಯೂಟರಿನ ಪ್ರಿಂಟರ್ ಯಾವುದು, ಮತ್ತು ಕಾಗದದ ಅಳತೆಯ ಕ್ರಮಸಂಖ್ಯೆ ಯಾವುದು. ನಾವು ಹೊಸದಾಗಿ ಸೇರಿಸಿದ ಫಾರ್ಮ್‌ಗಳಿಗೆ ಪ್ರತಿ ಕಂಪ್ಯೂಟರೂ ತನ್ನದೇ ಕ್ರಮಸಂಖ್ಯೆಯನ್ನು ಕೊಡುತ್ತದೆ. ಹೆಸರು ಒಂದೇ ಆಗಿದ್ದರೂ ತಂತ್ರಾಂಶ ಸಿದ್ಧವಾದ ಊರಿನ ಕಂಪ್ಯೂಟರಿನಲ್ಲಿ ಅದರ ಸಂಖ್ಯೆ ಒಂದು, ಶಾಲೆಯ ಕಂಪ್ಯೂಟರಿನಲ್ಲಿ ಇನ್ನೊಂದು. ಸಂಖ್ಯೆ ಹೊಂದದಿದ್ದಾಗ ತಂತ್ರಾಂಶವು ಸದ್ದಿಲ್ಲದೆ ಎ4ಗೋ ಲೆಟರ್‌ಗೋ ಮರಳುತ್ತದೆ. ‘ಅಲ್ಲಿ ಸರಿಯಾಗಿ ಬರುತ್ತಿತ್ತು, ಇಲ್ಲಿ ಬರುತ್ತಿಲ್ಲ’ ಎಂಬ ಮಾತಿನ ಗುಟ್ಟು ಇದು.

ಪರಿಹಾರ ಸರಳ. ತಂತ್ರಾಂಶ ನೀಡಿದವರನ್ನು ಕೇಳಿ, ಶಾಲೆಯ ಕಂಪ್ಯೂಟರಿನಲ್ಲಿಯೇ ವರದಿಯ ‘ಪೇಜ್ ಸೆಟಪ್’ ತೆರೆಸಿ, ಶಾಲೆಯ ಪ್ರಿಂಟರನ್ನೂ ಅಲ್ಲಿ ಸೃಷ್ಟಿಸಿದ ಫಾರ್ಮ್‌ನ್ನೂ ಹೊಸದಾಗಿ ಆರಿಸಿ ಉಳಿಸಬೇಕು. ಪ್ರಿಂಟರ್ ಬದಲಾದಾಗಲೂ ಕಂಪ್ಯೂಟರ್ ಬದಲಾದಾಗಲೂ ಈ ಕೆಲಸವನ್ನು ಮರಳಿ ಮಾಡಬೇಕು. ತಂತ್ರಾಂಶ ಕೊಳ್ಳುವ ಮೊದಲೇ ‘ಕಾಗದದ ಅಳತೆಯನ್ನು ಶಾಲೆಯೇ ಬದಲಿಸಿಕೊಳ್ಳಲು ಸಾಧ್ಯವೇ?’ ಎಂದು ಕೇಳುವುದು ಜಾಣತನ.

ಪಿಡಿಎಫ್‌ನ ‘ಫಿಟ್’ ಎಂಬ ಬಲೆ

ಈಗ ಅನೇಕ ದಾಖಲೆಗಳು ಅಂತರ್ಜಾಲದ ಮೂಲಕ ಪಿಡಿಎಫ್ ರೂಪದಲ್ಲಿ ಬರುತ್ತವೆ. ಕೇರಳದ ಶಾಲೆಗಳಲ್ಲಿ ‘ಸಂಪೂರ್ಣ’ ತಂತ್ರಾಂಶದಿಂದ ವರ್ಗಾವಣೆ ಪತ್ರವನ್ನು ಪಡೆಯುವುದು ಇದಕ್ಕೊಂದು ಉದಾಹರಣೆ. ಪಿಡಿಎಫ್‌ನಲ್ಲಿ ಪುಟದ ಅಳತೆ ಮೊದಲೇ ನಿಗದಿಯಾಗಿರುತ್ತದೆ. ಅದನ್ನು ಮುದ್ರಿಸುವಾಗ ಎದುರಾಗುವ ‘ಫಿಟ್’ ಮತ್ತು ‘ಆ್ಯಕ್ಚುಅಲ್ ಸೈಜ್’ ಎಂಬ ಎರಡು ಆಯ್ಕೆಗಳ ವ್ಯತ್ಯಾಸ ತಿಳಿದಿರಬೇಕು.

‘ಫಿಟ್’ ಆರಿಸಿದರೆ ಪುಟವು ಕಾಗದದ ಮುದ್ರಣಯೋಗ್ಯ ಭಾಗದೊಳಗೆ ಹಿಡಿಯುವಂತೆ ಕುಗ್ಗುತ್ತದೆ. ಖಾಲಿ ಹಾಳೆಯ ಮೇಲಿನ ಮುದ್ರಣಕ್ಕೆ ಇದರಿಂದ ತೊಂದರೆಯಿಲ್ಲ. ಅಂಚು ತುಂಡಾಗದಿರಲು ಇದೇ ಒಳ್ಳೆಯದು. ಆದರೆ ಮೊದಲೇ ಅಚ್ಚಾದ ನಮೂನೆಯ ಮೇಲೆ ಹೆಸರು, ದಿನಾಂಕಗಳನ್ನು ಕೂರಿಸುವಾಗ ‘ಆ್ಯಕ್ಚುಅಲ್ ಸೈಜ್’ ಅಥವಾ ಶೇ. 100 ಎಂಬುದೇ ಸರಿ. ಎ4 ಪುಟವನ್ನು ಎ4 ಹಾಳೆಗೆ ‘ಫಿಟ್’ ಮಾಡಿದಾಗಲೂ ಬರಹ ಕೆಲವು ಶೇಕಡಾ ಕುಗ್ಗುತ್ತದೆ. ಹಾಳೆಯ ಕೆಳತುದಿಗೆ ಬರುವಷ್ಟರಲ್ಲಿ ಪದಗಳು ಗೆರೆಯಿಂದ ಜಾರಿರುತ್ತವೆ. ಲೀಗಲ್ ಪುಟವನ್ನು ಎ4ಗೆ ಕುಗ್ಗಿಸಿದರೆ ಉಳಿಯುವುದು ಸುಮಾರು ಶೇ. 83. ಹತ್ತು ಪಾಯಿಂಟಿನ ಕನ್ನಡ ಅಕ್ಷರ ಆಗ ಎಂಟು ಪಾಯಿಂಟಿನ ಆಸುಪಾಸಿಗೆ ಇಳಿದು, ನೆರಳಚ್ಚು ತೆಗೆದಾಗ ಒತ್ತಕ್ಷರಗಳು ಓದಲಾಗದಂತೆ ಕಲಸಿಹೋಗುತ್ತವೆ.

ತೂತುಪಟ್ಟಿಯ ಮಡಿಕೆ ಕಾಗದ

ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳು ಕೆಲವು ಕಚೇರಿಗಳಲ್ಲಿ ಇನ್ನೂ ಗಟ್ಟಿಯಾಗಿವೆ. ಕಾರ್ಬನ್ ಪ್ರತಿ ಬೇಕಾದ ರಶೀದಿಗಳಿಗೆ ಅವೇ ಬೇಕು. ಅವುಗಳಲ್ಲಿ ಬಳಸುವ ಮಡಿಕೆ ಕಾಗದದ ಸಾಮಾನ್ಯ ಅಳತೆ 10 × 12 ಇಂಚು. ಅರ್ಧ ಹಾಳೆ 10 × 6 ಇಂಚು. ಇದರ ಪುಟ ಕತ್ತರಿಸಿದ ಹಾಳೆಯಲ್ಲವಾದುದರಿಂದ ಎಲ್ಲಿ ಒಂದು ಪುಟ ಮುಗಿದು ಇನ್ನೊಂದು ಆರಂಭವಾಗುತ್ತದೆ ಎಂಬುದನ್ನು ಪ್ರಿಂಟರಿಗೆ ತಿಳಿಸುವುದು ಫಾರ್ಮ್‌ನ ಎತ್ತರ ಮಾತ್ರ.

ಹನ್ನೆರಡು ಇಂಚು ಎಂದರೆ 304.8 ಮಿಲಿಮೀಟರ್. ಡ್ರೈವರಿನಲ್ಲಿ ಎ4 ಉಳಿದಿದ್ದರೆ ಪ್ರಿಂಟರ್ 297 ಮಿಲಿಮೀಟರಿಗೇ ಪುಟ ಮುಗಿಯಿತೆಂದು ತಿಳಿಯುತ್ತದೆ. ಮೊದಲ ಹಾಳೆಯಲ್ಲಿ 8 ಮಿಲಿಮೀಟರಿನಷ್ಟು ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಹತ್ತು ಹಾಳೆ ಕಳೆಯುವಾಗ ಅದು ಸುಮಾರು 8 ಸೆಂಟಿಮೀಟರಾಗಿ, ಬರಹ ಮಡಿಕೆಯ ಗೆರೆಯ ಮೇಲೆಯೇ ಬಂದು ಕೂರುತ್ತದೆ. ಮುದ್ರಣವು ಹಾಳೆಯಿಂದ ಹಾಳೆಗೆ ಮೇಲೆ ಮೇಲೆ ಸರಿಯುತ್ತಿದ್ದರೆ ಫಾರ್ಮ್‌ನ ಎತ್ತರ ಕಡಿಮೆಯಿದೆ, ಕೆಳಗೆ ಸರಿಯುತ್ತಿದ್ದರೆ ಹೆಚ್ಚಿದೆ ಎಂದು ತಿಳಿಯಬೇಕು. ಅಗಲವನ್ನು ಬರೆಯುವಾಗ ಎರಡೂ ಬದಿಯ ತೂತುಪಟ್ಟಿಗಳನ್ನು ಸೇರಿಸಿ 10 ಇಂಚು ಎಂದೇ ಬರೆದು, ಬರಹ ಪಟ್ಟಿಯ ಮೇಲೆ ಬೀಳದಂತೆ ಅಂಚು ಬಿಡಬೇಕು.

ಕನ್ನಡಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿ ಇಲ್ಲಿದೆ. ಈ ಯಂತ್ರಗಳ ಒಳಗೆ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳ ಅಚ್ಚು ಇರುತ್ತದೆ, ಕನ್ನಡದ್ದು ಇರುವುದಿಲ್ಲ. ‘ಜೆನೆರಿಕ್ ಟೆಕ್ಸ್ಟ್ ಓನ್ಲಿ’ ಎಂಬ ಡ್ರೈವರ್ ಬಳಸಿದರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೋ ಅರ್ಥವಿಲ್ಲದ ಗುರುತುಗಳೋ ಬರುತ್ತವೆ. ಯಂತ್ರಕ್ಕೆ ಹೊಂದುವ ಮೂಲ ಡ್ರೈವರನ್ನು ಹಾಕಿದಾಗ ವಿಂಡೋಸ್ ಕನ್ನಡವನ್ನು ಚಿತ್ರರೂಪದಲ್ಲಿ ಕಳುಹಿಸುತ್ತದೆ. ಮುದ್ರಣ ನಿಧಾನವಾದರೂ ಅಕ್ಷರ ಸರಿಯಾಗಿ ಮೂಡುತ್ತದೆ. ‘ಈ ಪ್ರಿಂಟರಿನಲ್ಲಿ ಕನ್ನಡ ಬರುವುದಿಲ್ಲ, ಇಂಗ್ಲಿಷಿನಲ್ಲಿಯೇ ಕೊಡುತ್ತೇವೆ’ ಎಂಬ ಮಾತನ್ನು ಒಪ್ಪಿಕೊಳ್ಳುವ ಮೊದಲು ಯಾವ ಡ್ರೈವರ್ ಇದೆಯೆಂದು ನೋಡಲು ವಿನಂತಿಸುವುದು ನಮ್ಮ ಹಕ್ಕು.

ಒತ್ತಕ್ಷರಕ್ಕೆ ಸ್ಥಳ ಬೇಕು

ಇಂಗ್ಲಿಷ್ ಬರಹಕ್ಕೆಂದು ರಚಿಸಿದ ನಮೂನೆಯಲ್ಲಿ ಕನ್ನಡ ತುಂಬಿದಾಗ ಕಾಗದದ ಅಳತೆ ಸರಿಯಿದ್ದರೂ ಅಕ್ಷರ ಕಡಿದುಹೋಗುವುದುಂಟು. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತಚಿಹ್ನೆಗಳು ಮೇಲೇರುತ್ತವೆ. ‘ಲಕ್ಷ್ಮೀ’, ‘ಕೃಷ್ಣ’, ‘ವಿಶ್ವೇಶ್ವರ’ ಎಂಬ ಹೆಸರುಗಳನ್ನು ಬರೆದು ನೋಡಿದರೆ ಎಷ್ಟು ಎತ್ತರ ಬೇಕೆಂಬುದು ತಿಳಿಯುತ್ತದೆ. ಎಕ್ಸೆಲ್‌ನಲ್ಲಿ ಸಾಲಿನ ಎತ್ತರವನ್ನು ಬಿಗಿಯಾಗಿ ಕಟ್ಟಿದ್ದರೆ, ವರ್ಡ್‌ನಲ್ಲಿ ಸಾಲುಗಳ ಅಂತರವನ್ನು ‘ಎಕ್ಸಾಕ್ಟ್ಲಿ’ ಎಂದು ಇಟ್ಟಿದ್ದರೆ ಒತ್ತಕ್ಷರದ ಕೆಳಭಾಗ ಮುದ್ರಣದಲ್ಲಿ ಕತ್ತರಿಸಿಹೋಗುತ್ತದೆ. ‘ಅಟ್ ಲೀಸ್ಟ್’ ಅಥವಾ ‘ಮಲ್ಟಿಪಲ್’ ಎಂದು ಬದಲಿಸಿದರೆ ಸಾಲು ತಾನಾಗಿ ಹಿಗ್ಗುತ್ತದೆ. ವರದಿ ತಂತ್ರಾಂಶಗಳಲ್ಲಿ ‘ಕ್ಯಾನ್ ಗ್ರೋ’ ಎಂಬ ಆಯ್ಕೆಯನ್ನು ಚಾಲ್ತಿಗೊಳಿಸಬೇಕು.

ಅಗಲದ ವಿಷಯವೂ ಹೀಗೆಯೇ. ನಮ್ಮ ಕಡೆಯ ಹೆಸರುಗಳು ಮನೆತನ, ಊರು, ತಂದೆಯ ಹೆಸರನ್ನು ಕೂಡಿಕೊಂಡು ಉದ್ದವಾಗಿರುತ್ತವೆ. ದಾಖಲಾತಿ ಪುಸ್ತಕದಲ್ಲಿರುವ ಅತ್ಯಂತ ಉದ್ದದ ಹೆಸರನ್ನು ಆರಿಸಿ, ಅದನ್ನೇ ಇಟ್ಟು ಕಲಮಿನ ಅಗಲವನ್ನು ಗೊತ್ತುಮಾಡುವುದು ಉತ್ತಮ ಪದ್ಧತಿ.

ಅಕ್ಷರವಿನ್ಯಾಸದ ಬಗ್ಗೆಯೂ ಒಂದು ಮಾತು. ಯುನಿಕೋಡ್ ವಿನ್ಯಾಸಗಳಾದ ತುಂಗಾ, ನಿರ್ಮಲಾ ಯುಐ, ನೋಟೋ ಸಾನ್ಸ್ ಕನ್ನಡ ಇವುಗಳಲ್ಲಿ ಒಂದನ್ನು ಶಾಲೆಯ ಎಲ್ಲ ದಾಖಲೆಗಳಿಗೂ ನಿಗದಿಪಡಿಸಬೇಕು. ಒಂದೇ ಪಾಯಿಂಟಿನ ಅಕ್ಷರವಾದರೂ ಒಂದು ವಿನ್ಯಾಸಕ್ಕಿಂತ ಇನ್ನೊಂದು ಹೆಚ್ಚು ಜಾಗ ಹಿಡಿಯುತ್ತದೆ. ವಿನ್ಯಾಸ ಬದಲಾದರೆ ಪುಟದ ಲೆಕ್ಕವೇ ಬದಲಾಗುತ್ತದೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ವಿನ್ಯಾಸದಲ್ಲಿ ಸಿದ್ಧಪಡಿಸಿದ ಕಡತವನ್ನು ಬೇರೆಡೆ ಮುದ್ರಿಸಬೇಕಾದರೆ, ಅಕ್ಷರವಿನ್ಯಾಸವನ್ನು ಒಳಗೊಂಡ ಪಿಡಿಎಫ್ ಆಗಿ ಪರಿವರ್ತಿಸಿ ಒಯ್ಯಬೇಕು.

ಪರೀಕ್ಷೆ ಮಾಡದೆ ಅಚ್ಚು ಹಾಕಬೇಡಿ

ಹೊಂದಿಸಿದ ಮೇಲೆ ಪರೀಕ್ಷಿಸುವ ವಿಧಾನ ಹೀಗಿದೆ. ಹೊಸ ಅಳತೆಯ ಪುಟದಲ್ಲಿ ಅಂಚಿನಿಂದ 10 ಮಿಲಿಮೀಟರ್ ಒಳಗೆ ಸುತ್ತಲೂ ಒಂದು ಚೌಕಟ್ಟನ್ನೂ ನಡುವೆ 100 ಮಿಲಿಮೀಟರ್ ಉದ್ದದ ಒಂದು ಗೆರೆಯನ್ನೂ ಎಳೆದು, ಅದೇ ಅಳತೆಗೆ ಕತ್ತರಿಸಿದ ಬಿಳಿ ಹಾಳೆಯಲ್ಲಿ ಮುದ್ರಿಸಬೇಕು. ಗೆರೆ 100 ಮಿಲಿಮೀಟರ್ ಇಲ್ಲದಿದ್ದರೆ ಎಲ್ಲಿಯೋ ಕುಗ್ಗಿಸುವ ಆಯ್ಕೆ ಚಾಲ್ತಿಯಲ್ಲಿದೆ ಎಂದರ್ಥ. ನಾಲ್ಕು ಬದಿಯ ಅಂಚೂ ಸಮನಾಗಿಲ್ಲದಿದ್ದರೆ ಕಾಗದದ ಅಳತೆಯೋ ಅಂಚುಪಟ್ಟಿಯ ಸ್ಥಾನವೋ ತಪ್ಪಿದೆ. ಸಾಮಾನ್ಯ ಪ್ರಿಂಟರುಗಳು ಕಾಗದದ ಅಂಚಿನಲ್ಲಿ ಮೂರರಿಂದ ಐದು ಮಿಲಿಮೀಟರ್‌ನಷ್ಟು ಜಾಗದಲ್ಲಿ ಮುದ್ರಿಸಲಾರವು. ಆದುದರಿಂದ 10 ಮಿಲಿಮೀಟರ್ ಅಂಚು ಬಿಡುವುದು ಕ್ಷೇಮ.

ಅಚ್ಚಾದ ನಮೂನೆಗೆ ಬರಹ ಕೂರಿಸುವಾಗ ಮೊದಲು ಬಿಳಿ ಹಾಳೆಯಲ್ಲಿ ಮುದ್ರಿಸಿ, ಅದನ್ನು ನಮೂನೆಯ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಎಷ್ಟು ಸರಿಸಬೇಕೆಂಬುದು ಸ್ಪಷ್ಟವಾಗಿ ಕಾಣುತ್ತದೆ. ಕ್ರಮಸಂಖ್ಯೆಯುಳ್ಳ ಪ್ರಮಾಣಪತ್ರದ ನಮೂನೆಗಳನ್ನು ಪರೀಕ್ಷೆಗೆ ಬಳಸಿ ಕೆಡಿಸಬಾರದು.

ಗುರುತಿನ ಚೀಟಿಗಳಿಗೆ ಬೇರೆಯೇ ಉಪಾಯವಿದೆ. ಬ್ಯಾಂಕ್ ಕಾರ್ಡಿನ ಅಳತೆ ಸುಮಾರು 86 × 54 ಮಿಲಿಮೀಟರ್. ಅಷ್ಟು ಚಿಕ್ಕ ಹಾಳೆಯನ್ನು ಸಾಮಾನ್ಯ ಪ್ರಿಂಟರ್ ಎಳೆದುಕೊಳ್ಳುವುದಿಲ್ಲ. ಒಂದು ಎ4 ಹಾಳೆಯಲ್ಲಿ ಎರಡು ಸಾಲಿಗೆ ಐದರಂತೆ ಹತ್ತು ಚೀಟಿಗಳನ್ನು ಜೋಡಿಸಿ, ಮುದ್ರಿಸಿ, ಕತ್ತರಿಸುವುದೇ ಸುಲಭ.

ಹೆತ್ತವರು ಗಮನಿಸಬೇಕಾದುದು

ದಾಖಲೆಯನ್ನು ಕೈಗೆ ಪಡೆದಾಗ ಕಚೇರಿಯಿಂದ ಹೊರಡುವ ಮೊದಲೇ ಕೆಲವನ್ನು ನೋಡಿಕೊಳ್ಳಬೇಕೆಂದು ಕೋರುತ್ತೇವೆ.

• ನಾಲ್ಕೂ ಅಂಚುಗಳಲ್ಲಿ ಯಾವ ಪದವೂ ಅಂಕೆಯೂ ತುಂಡಾಗಿಲ್ಲವೇ?
• ಮಾತೃಭಾಷೆ, ಬೋಧನ ಮಾಧ್ಯಮ, ವ್ಯಾಸಂಗದ ಅವಧಿ ಈ ಮೂರೂ ಪೂರ್ಣವಾಗಿ ಮೂಡಿವೆಯೇ?
• ಮಗುವಿನ ಹೆಸರು ಹಾಗೂ ಹೆತ್ತವರ ಹೆಸರಿನ ಕೊನೆಯ ಅಕ್ಷರ, ಒತ್ತಕ್ಷರ, ದೀರ್ಘಗಳು ಸರಿಯಾಗಿವೆಯೇ?
• ಸಹಿ, ಮುದ್ರೆ, ಪದನಾಮ, ದಿನಾಂಕಗಳಿಗೆ ಸ್ಥಳ ಉಳಿದಿದೆಯೇ? ಮುದ್ರೆಯು ಬರಹದ ಮೇಲೆ ಬಿದ್ದು ಅದನ್ನು ಮರೆಮಾಡಿಲ್ಲವೇ?
• ಎರಡನೆಯ ಪುಟಕ್ಕೆ ಒಂದೆರಡು ಸಾಲು ಮಾತ್ರ ಹಾರಿಹೋಗಿದ್ದರೆ ಒಂದೇ ಪುಟದಲ್ಲಿ ಮರುಮುದ್ರಿಸಲು ಕೇಳಿ. ಪ್ರತ್ಯೇಕ ಹಾಳೆ ಕಳೆದುಹೋದರೆ ದಾಖಲೆ ಅಪೂರ್ಣವಾಗುತ್ತದೆ.

ತುಂಡಾದ ಪದವನ್ನು ಪೆನ್ನಿನಿಂದ ಪೂರ್ಣಗೊಳಿಸುವುದು ಬೇಡ. ಕೈಬರಹದ ಸೇರ್ಪಡೆಯನ್ನು ತಿದ್ದುಪಡಿಯೆಂದು ಶಂಕಿಸುವ ಸಂಭವವಿದೆ. ಮರುಮುದ್ರಿಸಿಕೊಡಿ ಎಂದು ಕೇಳುವುದರಲ್ಲಿ ಸಂಕೋಚವೂ ಬೇಡ. ಪ್ರವೇಶದ ಕೊನೆಯ ದಿನ, ದೂರದ ಊರಿನಲ್ಲಿ, ಶಾಲೆಯ ಬಾಗಿಲು ಮುಚ್ಚಿರುವ ಹೊತ್ತಿನಲ್ಲಿ ಈ ಲೋಪ ಗೊತ್ತಾದರೆ ಆಗ ಮಾಡಬಹುದಾದುದು ಬಹಳ ಕಡಿಮೆ.

ಶಾಲೆಗಳಿಗೆ ನಮ್ಮದೊಂದು ಸಲಹೆ. ಶಾಲೆಯಲ್ಲಿ ಬಳಸುವ ಪ್ರತಿ ನಮೂನೆಯ ಹೆಸರು, ಮಿಲಿಮೀಟರಿನಲ್ಲಿ ಅದರ ಅಗಲ ಮತ್ತು ಎತ್ತರ, ಕಂಪ್ಯೂಟರಿನಲ್ಲಿ ಆರಿಸಬೇಕಾದ ಫಾರ್ಮ್‌ನ ಹೆಸರು, ಕಾಗದವನ್ನು ಇಡಬೇಕಾದ ದಿಕ್ಕು ಇವಿಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಪ್ರಿಂಟರಿನ ಪಕ್ಕದ ಗೋಡೆಗೆ ಅಂಟಿಸಿಡಿ. ಶಿಕ್ಷಕರು ವರ್ಗವಾಗಬಹುದು, ಕಂಪ್ಯೂಟರ್ ಬಲ್ಲ ಹೆತ್ತವರ ಮಕ್ಕಳು ಓದು ಮುಗಿಸಿ ಹೋಗಬಹುದು. ಆ ಹಾಳೆ ಅಲ್ಲಿಯೇ ಇದ್ದರೆ ಮುಂದಿನ ಜೂನ್ ತಿಂಗಳಲ್ಲಿ ಆ ಕುರ್ಚಿಯಲ್ಲಿ ಯಾರು ಕುಳಿತರೂ ಮಗುವಿನ ಪ್ರಮಾಣಪತ್ರ ಪೂರ್ಣವಾಗಿಯೇ ಹೊರಬರುತ್ತದೆ.